ಏಳು ಹುಸಿಕಾಳು

ಮಂಜೂ,

ನಿನ್ನ ಸಂಕಪ್ಪ ಕಾಕಾ ಖಡಕಿಯಿಂದ ಬರೆಯುತ್ತಿದ್ದೇನೆ. ನಾನು ನಿನಗೆ ಬರೆಯುತ್ತಿರುವ ಮೊದಲನೆಯ ಕಾಗದ ಇದು. ನೀನು ಆರು ವರ್ಷದವಳಿದ್ದಾಗಿನಿಂದ ನಿನ್ನ ಹತ್ತಿರ ಎಷ್ಟು ಮಾತಾಡಿದ್ದೇನೆಂದರೆ, ಬರೆದು ಹೇಳುವಂಥದ್ದು ಏನೂ ಉಳಿದಿಲ್ಲ ಅಂದುಕೊಂಡಿದ್ದೆ. ಒಂದು ಉಳಿದಿತ್ತು.

ಫೋನಿನಲ್ಲಿ ಹೇಳಬಹುದಿತ್ತು. ಸೋಮವಾರ ಮಾಡಿದೆ. ನೀನು ಎತ್ತಿದವಳೇ, ಭಾನುವಾರದ ಸಭೆಗೆ ಬಿಳಿ ಧೋತರ ಉಟ್ಟುಕೊಂಡು ಬನ್ನಿ, ಫೋಟೋ ಚೆನ್ನಾಗಿ ಬರುತ್ತದೆ ಅಂದೆ. ನಾನು ಆಯಿತವ್ವ ಅಂದು ಇಟ್ಟುಬಿಟ್ಟೆ. ಮಂಗಳವಾರ ಸದಾಶಿವ ಪೇಠಕ್ಕೆ, ನಿಮ್ಮ ಮನೆಗೆ ಬಂದೆ. ನಿಮ್ಮ ಮೆಟ್ಟಿಲು ಅರ್ಧ ಹತ್ತಿದ್ದೆ. ಮೊದಲ ಮಹಡಿಯ ಕ್ಲಾಸಿನ ಹುಡುಗಿಯರು ಗುಂಪಾಗಿ ಇಳಿದು ಬಂದರು. ಅವರಿಗೆ ದಾರಿ ಬಿಡಲು ಇಳಿದವನು ಹಾಗೇ ಬಸ್ ಸ್ಟಾಪಿನ ತನಕ ಇಳಿದುಬಿಟ್ಟೆ. ನಿನ್ನೆ, ಬುಧವಾರ, ಮತ್ತೆ ಬಂದೆ. ನೀನೇ ಬಾಗಿಲು ತೆಗೆದೆ, ಚಹಾ ಕೊಟ್ಟೆ. ಹೇಳಬೇಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ನಮ್ಮೂರ ಬಾವಿಯ ದೆವ್ವಕ್ಕೆ ಹಲ್ಲುನೋವು ಬಂದ ಕತೆ. ನೀನು ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡೆ. ನಾನೂ ನಕ್ಕು ಎದ್ದು ಬಂದೆ.

ನನ್ನ ಬಾಯಿಯ ರೋಗ ಅದು. ಅದಕ್ಕೆ ಸೇರಿಸಿ ಹೇಳುವ ಚಟ. ಕೈಗೆ ಆ ಚಟ ಇಲ್ಲ. ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮುಂದೆ ನಿಂತ ಕೈ. ಒಂದು ಕೂದಲಿನಷ್ಟು ಅಳತೆ ತಪ್ಪಿದರೂ ಮಾಡಿದ ಕೆಲಸವನ್ನು ಮೂಲೆಗೆ ಎಸೆಯುತ್ತಿದ್ದರು. ಅದಕ್ಕೇ ಇವತ್ತು ಈ ಕೆಲಸವನ್ನು ಕೈಗೆ ಒಪ್ಪಿಸಿದ್ದೇನೆ.

ಮಂಜೂ, ಭಾನುವಾರ ಆ ಸಭೆಯಲ್ಲಿ ಎದ್ದು ನಿಂತು ನಾನು ಹೌದು ಎನ್ನಲಾರೆ. ನಿನ್ನ ಪುಸ್ತಕದಲ್ಲಿ ನಮ್ಮೂರಿನ ಪದಗಳೆಂದು ಅಚ್ಚಾಗಿರುವ ಎಂಬತ್ತನಾಲ್ಕು ಮಾತುಗಳಲ್ಲಿ ಏಳು ನಮ್ಮಜ್ಜಿಯವಲ್ಲ. ನಮ್ಮೂರಿನವೂ ಅಲ್ಲ. ಅವನ್ನು ನಾನು ಮಾಡಿದ್ದು.

ಇಷ್ಟು ಬರೆದು ಎದ್ದು ನೀರು ಕುಡಿದು ಬಂದೆ. ನಿನ್ನ ನೀಲವ್ವ ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತು ಬರೆದಿರಾ ಎಂದು ಕೇಳಿದಳು. ಬರೆದೆ ಅಂದೆ. "ಖರೇದ್ದು ಬರದೀರೋ, ಛಂದಂದು ಬರದೀರೋ?" ಅಂದಳು. ನಲವತ್ತೆಂಟು ವರ್ಷ ನನ್ನ ಜೊತೆ ಬಾಳಿದವಳು, ಎರಡರ ನಡುವಿನ ಅಂತರ ಅವಳಿಗೆ ಗೊತ್ತು.

ನಿನಗೆ ಆ ಧಾರವಾಡದ ಮಾರ್ತಾಂಡ ಪಂಡಿತರ ಮೇಲೆ ಸಿಟ್ಟಿದೆ. ಅವರು ನಿನ್ನ ಪುಸ್ತಕ ಹಿಡಿದುಕೊಂಡು ಅಥಣಿ ಕಡೆಯ ನಮ್ಮೂರಿಗೇ ಹೋದರು. ನಾಲ್ಕು ದಿನ ಕೂತು ಕೇಳಿದರು. ಬಂದು, ಈ ಕವಯಿತ್ರಿ ಮಾತುಗಳನ್ನಷ್ಟೇ ಅಲ್ಲ, ಇಲ್ಲದ ಪದ್ಧತಿಗಳನ್ನೂ ಹುಟ್ಟಿಸಿ ಒಂದು ಊರಿನ ತಲೆಗೆ ಕಟ್ಟಿದ್ದಾಳೆ ಎಂದು ಪತ್ರಿಕೆಯಲ್ಲಿ ಬರೆದರು. ಆ ಲೇಖನ ನನ್ನ ಹತ್ತಿರ ಇದೆ. ಅದನ್ನು ಓದಿದಾಗ ನನಗೂ ಸಿಟ್ಟು ಬಂದಿತ್ತು. ಅವರು ಸರಿಯಾಗಿ ಹಿಡಿದಿದ್ದಾರಲ್ಲ ಎಂಬ ಸಿಟ್ಟು. ಅದಕ್ಕೆ ನೀನು ಕೊಟ್ಟ ಉತ್ತರವನ್ನು ನೀಲವ್ವ ಕತ್ತರಿಸಿ ಕ್ಯಾಲೆಂಡರಿನ ಮೇಲೆ ಸಿಕ್ಕಿಸಿದ್ದಾಳೆ, ನನ್ನ ಕಣ್ಣಿಗೆ ಬೀಳಲಿ ಎಂದೇ. ಅದರಲ್ಲಿರುವುದು ಇದು: ನನಗೆ ಈ ಮಾತುಗಳನ್ನು ಹೇಳಿದವರು ಬದುಕಿದ್ದಾರೆ, ಭಾನುವಾರ ಪುಣೆಯ ಕನ್ನಡದವರ ಸಭೆಗೆ ಬರುತ್ತಾರೆ, ಮಾರ್ತಾಂಡರೂ ಬರಲಿ. ಇದರಲ್ಲಿ ಒಂದೇ ಒಂದು ಮಾತು ಸುಳ್ಳಾದರೆ ಪುಸ್ತಕವನ್ನು ಹಿಂದಕ್ಕೆ ಪಡೆಯುತ್ತೇನೆ, ಇನ್ನು ಮುಂದೆ ಕನ್ನಡದಲ್ಲಿ ಒಂದು ಸಾಲೂ ಬರೆಯುವುದಿಲ್ಲ. ಹೀಗೆ ಬರೆದಿದ್ದೀಯ. ಕೆಳಗೆ ನಿನ್ನ ಹೆಸರಿದೆ.

ನೀನು ಆಡಿದ ಮಾತು ನಡೆಸುವವಳು. ಅದೇ ನನ್ನ ಹೆದರಿಕೆ. ಪುಸ್ತಕ ಹೋದರೆ ಹೋಗಲಿ. ಆದರೆ ನೀನು ಕನ್ನಡ ಬಿಟ್ಟರೆ, ಬಿಡಿಸಿದವನು ನಾನಾಗುತ್ತೇನೆ.

ಹೇಗೆ ಆಯಿತು ಎಂದು ಮೊದಲಿನಿಂದ ಹೇಳುತ್ತೇನೆ. ನಮ್ಮಜ್ಜಿ ಬಾಳವ್ವನ ಕತೆಗಳ ವಿಷಯ ನಿನಗೆ ಗೊತ್ತು. ಅವಳ ಕತೆಯ ಒಂದು ಕಟ್ಟಳೆ ನಿನಗೆ ಗೊತ್ತಿಲ್ಲ, ಯಾಕೆಂದರೆ ನಾನು ಅದನ್ನು ನಿನಗೆ ಹೇಳಲಿಲ್ಲ. ಪ್ರತಿ ಕತೆಯಲ್ಲೂ ಅವಳು ತಾನೇ ಕಟ್ಟಿದ ಒಂದು ಮಾತನ್ನು ಬಚ್ಚಿಡುತ್ತಿದ್ದಳು. ಅದಕ್ಕೆ ಹುಸಿಕಾಳು ಎಂದು ಹೆಸರು. ಜೋಳದ ರಾಶಿಯಲ್ಲಿ ಒಂದು ಜೊಳ್ಳು ಇದ್ದ ಹಾಗೆ. ಮಕ್ಕಳು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತ ಇದ್ದು, ಆ ಮಾತು ಬಂದ ಕೂಡಲೇ ಹಿಡಿಯಬೇಕು. ಹಿಡಿದವರಿಗೆ ಒಂದು ಹಿಡಿ ಹುರಿದ ಶೇಂಗಾ. ತಪ್ಪು ಹಿಡಿದವರಿಗೆ ತಲೆಗೊಂದು ಮೊಟಕು. ಅಜ್ಜಿಯ ಮಾತಿನಲ್ಲಿ ಹೇಳುವುದಾದರೆ, ತನ್ನ ಮಾತು ಯಾವುದು ಅಲ್ಲ ಎಂದು ತಿಳಿದವನಿಗೇ ತನ್ನ ಮಾತು ಯಾವುದು ಎಂದು ತಿಳಿಯುತ್ತದೆ. ನಾನು ಏಳೆಂಟು ವರ್ಷದವನಾಗುವ ಹೊತ್ತಿಗೆ ಅವಳು ಎಷ್ಟು ಬಚ್ಚಿಟ್ಟರೂ ಹಿಡಿಯುತ್ತಿದ್ದೆ.

ಆ ಕಟ್ಟಳೆಗೆ ಒಂದು ಬಾಲ ಇತ್ತು. ಯಾರೂ ಹಿಡಿಯದಿದ್ದರೆ, ಮಕ್ಕಳು ಏಳುವ ಮೊದಲು ಅಜ್ಜಿ ತಾನೇ ಹೇಳಿಬಿಡಬೇಕು. ಹುಸಿಕಾಳು ಮಗುವಿನ ಜೊತೆ ಮನೆಗೆ ಹೋಗಬಾರದು. ಇದರಲ್ಲಿ ಅವಳು ಬಹಳ ಬಿಗಿ. ಒಂದು ಸಲ ಮರೆತು, ಜ್ವರದಲ್ಲಿದ್ದವಳು ಎದ್ದು ಆರು ಮನೆಯ ಬಾಗಿಲಿಗೆ ಹೋಗಿ ಹೇಳಿ ಬಂದಿದ್ದಳು.

ನಾನು ಆ ಬಾಲವನ್ನೇ ಕತ್ತರಿಸಿದೆ.

ನೀನು ಎರಡನೆಯ ಇಯತ್ತೆಯಲ್ಲಿದ್ದೆ. ನಿಮ್ಮ ಅಪ್ಪ ಬಾಳಕೃಷ್ಣ ಮತ್ತು ನಾನು ಕಾರ್ಖಾನೆಯ ಒಂದೇ ಶಾಪಿನಲ್ಲಿ ಕೆಲಸ, ಒಂದೇ ಸಾಲಿನ ಕ್ವಾರ್ಟರ್ಸು. ಶಾಲೆ ಮರಾಠಿ. ಅಲ್ಲಿ ನಿನ್ನನ್ನು ಕಾನಡಿ ಎಂದು ಕರೆಯುತ್ತಿದ್ದರು. ರಜೆಗೆ ಧಾರವಾಡಕ್ಕೆ ಹೋದರೆ ನಿಮ್ಮ ಅತ್ತೆಯವರು, "ಬಂತ ನೋಡ್ರಿ ಪುಣೇ ಕೂಸು, ಮರಾಠಿಗೆ ಕನ್ನಡದ ಅಂಗಿ ತೊಡಿಸಿಕೊಂಡ" ಅನ್ನುತ್ತಿದ್ದರು. ಆ ಬೇಸಿಗೆ ನೀನು ಅಲ್ಲಿಂದ ಬಂದವಳು ಹದಿನೈದು ದಿನ ಮನೆಯಲ್ಲಿ ಕನ್ನಡ ಆಡಲಿಲ್ಲ. ನಿಮ್ಮವ್ವ ರಂಗೂಬಾಯಿ ನಿನ್ನ ಕೈ ಹಿಡಿದು ನಮ್ಮ ಪಡಸಾಲೆಗೆ ತಂದು ಕೂರಿಸಿ, ಅಣ್ಣಾ, ಇಕಿಗೆ ದಿನಾ ಒಂದು ಕತೆ ಹೇಳ್ರಿ ಅಂದಳು. ಹಾಗೆ ಶುರುವಾದದ್ದು.

ಮೊದಲನೆಯ ದಿನ ಅಜ್ಜಿಯ ಪದ್ಧತಿಯಂತೆ ಒಂದು ಹುಸಿಕಾಳು ಇಟ್ಟೆ. ನೀನು ಹಿಡಿಯಲಿಲ್ಲ. ಹೇಗೆ ಹಿಡಿಯುತ್ತೀಯ, ನಿನಗೆ ಜೋಳ ತುಂಬುವ ಹಗೇವು ಗೊತ್ತಿರಲಿಲ್ಲ, ಗಡಿಗೆ ತೂಗುಹಾಕುವ ನೆಲುವು ಗೊತ್ತಿರಲಿಲ್ಲ, ಕಣದ ನಡುವಿನ ಮೇಟಿ ಗೊತ್ತಿರಲಿಲ್ಲ. ಎಲ್ಲವೂ ನಿನಗೆ ಹೊಸ ಕಾಳೇ. ಕತೆ ಮುಗಿದ ಮೇಲೆ ನಾನು ನಗುತ್ತ, ಇದೊಂದು ಮಾತು ಸುಳ್ಳವ್ವ, ನೀನು ಹಿಡಿಯಬೇಕಿತ್ತು ಅಂದೆ. ನಿನ್ನ ಮುಖ ಹೇಗಾಯಿತು ಎಂದು ಇವತ್ತಿಗೂ ನನಗೆ ಕಾಣುತ್ತದೆ. "ನನಗ ಕನ್ನಡ ಬರೂದಿಲ್ಲ ಕಾಕಾ" ಅಂದೆ. ಅತ್ತಿದ್ದರೆ ಚೆನ್ನಾಗಿತ್ತು. ದೊಡ್ಡವರು ಒಪ್ಪಿಕೊಂಡ ಹಾಗೆ ಹೇಳಿದೆ.

ಮರುದಿನದಿಂದ ನಾನು ಹುಸಿಕಾಳು ಇಡುವುದನ್ನೇ ಬಿಡಬೇಕಿತ್ತು. ಆದರೆ ನನ್ನ ನಾಲಿಗೆಗೆ ಅದಿಲ್ಲದೆ ಕತೆ ಕತೆಯಾಗುವುದಿಲ್ಲ. ಇಟ್ಟೆ, ಮತ್ತು ಹೇಳಲಿಲ್ಲ. ಇನ್ನೊಂದು ವರ್ಷ ಹೋದರೆ ಇವಳೇ ಹಿಡಿಯುತ್ತಾಳೆ, ಆಗ ಹಳೆಯವನ್ನೆಲ್ಲ ಒಟ್ಟಿಗೆ ಹೇಳಿ ನಗಬಹುದು ಎಂದು ಕಾದೆ. ನೀನು ಹಿಡಿಯುವ ಬದಲು ಬರೆದುಕೊಂಡೆ. ಹಳದಿ ರಟ್ಟಿನ ಮರಾಠಿ ನೋಟುಬುಕ್ಕಿನ ಹಿಂದಿನ ಪುಟದಿಂದ, ಒಂದೊಂದಾಗಿ, ನನ್ನ ಮಾತುಗಳನ್ನು. ಯಾವುದು ಅಜ್ಜಿಯದು ಯಾವುದು ನನ್ನದು ಎಂಬ ಭೇದವಿಲ್ಲದೆ, ಎಲ್ಲಕ್ಕೂ ಒಂದೇ ಅಕ್ಕರೆ. ಅದನ್ನು ನೋಡಿದ ಮೇಲೆ ನನ್ನ ಬಾಯಿ ಕಟ್ಟಿತು.

ನಿನ್ನ ಮೊದಲ ಸಂಕಲನ ಬಂದಾಗ ಅದರಲ್ಲಿ 'ತಿರುಗಣ್ಣು' ಕಂಡೆ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಕವಿ ಯಾವ ಮಾತನ್ನಾದರೂ ಬಳಸಬಹುದು, ಅದಕ್ಕೆ ಯಾರು ಕೇಳುತ್ತಾರೆ ಅಂದುಕೊಂಡೆ. ಅಲ್ಲಿಗೆ ನಿಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಆದರೆ ನೀನು ಮೂರು ವರ್ಷದ ಹಿಂದೆ ಬಂದು, ನನ್ನ ಪದ್ಯದ ಮಾತುಗಳೆಲ್ಲ ಎಲ್ಲಿಂದ ಬಂದವು ಎಂದು ಒಂದು ಪುಸ್ತಕ ಮಾಡುತ್ತೇನೆ ಕಾಕಾ ಅಂದೆ. ಒಂದೊಂದು ಮಾತಿಗೂ ಅರ್ಥ, ಯಾವ ಕೆಲಸದವರು ಆಡುತ್ತಿದ್ದರು, ಯಾವಾಗ ಆಡುತ್ತಿದ್ದರು. ಫೋನನ್ನು ಟೀಪಾಯಿಯ ಮೇಲಿಟ್ಟು ರೆಕಾರ್ಡ್ ಹಚ್ಚಿದೆ. ಹೇಳಬೇಕಾದ ದಿನ ಅದು. ನೀನು ಮಗುವಲ್ಲ, ಎರಡು ಭಾಷೆಯಲ್ಲಿ ಪಾಠ ಮಾಡುವವಳು, ಕೇಳಿ ನಗುತ್ತಿದ್ದೆಯೋ ಏನೋ. ನೀನು ಕೇಳಿದ್ದು ಹೀಗೆ: "ಕೇರಿಗೂಸು ಅಂದ್ರ ಏನೇನ್ ಮಾಡ್ತಿದ್ರು ಕಾಕಾ, ಪೂರ್ತಿ ಹೇಳ್ರಿ." ಪೂರ್ತಿ ಎನ್ನುವ ಮಾತು ಕೇಳಿದರೆ ನನಗೆ ಕುಡುಕನ ಮುಂದೆ ಬಾಟಲಿ ಇಟ್ಟ ಹಾಗೆ. ತಾಯಿ ಇಲ್ಲದ ಕೂಸಿನ ಕೈಗೆ ಅರಿಶಿನದ ದಾರ ಕಟ್ಟುತ್ತಿದ್ದರು ಅಂದೆ. ಊರ ಅಗಸೆಬಾಗಿಲಿಂದ ಶುರು ಮಾಡಿ ಮನೆಮನೆಯ ಹೊಸ್ತಿಲಿಗೆ ಕೂರಿಸಿ ಒಂದೊಂದು ತುತ್ತು ಉಣ್ಣಿಸುತ್ತಿದ್ದರು ಅಂದೆ. ಅವತ್ತಿನಿಂದ ಅದು ಕೇರಿಯ ಕೂಸು ಅಂದೆ. ನಿನ್ನ ಕಣ್ಣಲ್ಲಿ ನೀರಿತ್ತು. ಅಡುಗೆಮನೆಯಲ್ಲಿ ನೀಲವ್ವ ಪಾತ್ರೆಯನ್ನು ಬೇಕೆಂದೇ ಜೋರಾಗಿ ಇಟ್ಟ ಸದ್ದು ಕೂಡ ಆ ರೆಕಾರ್ಡಿನಲ್ಲಿ ಇರಬೇಕು, ಕೇಳಿ ನೋಡು.

ಅಚ್ಚಿಗೆ ಹೋಗುವ ಮೊದಲು ನೀನು ಮತ್ತೊಂದು ಸಲ ಓದಿ ತೋರಿಸಿದೆ. ಆ ಏಳು ಮಾತು ಬಂದಾಗಲೂ ಹೌದಲ್ರಿ ಕಾಕಾ ಎಂದು ಏಳು ಸಲ ಕೇಳಿದೆ. ಏಳು ಸಲ ನಾನು ತಲೆಯಾಡಿಸಿದೆ. ಹುಡುಗಾಟದ ಹುಸಿಕಾಳಿಗೆ ಕ್ಷಮೆ ಇರಬಹುದು. ಆ ತಲೆಯಾಡಿಸಿದ್ದಕ್ಕೆ ಕ್ಷಮೆ ಇಲ್ಲ, ನಾನು ಕೇಳುವುದೂ ಇಲ್ಲ.

ಈಗ ಆ ಏಳರ ನಿಜವಾದ ಹುಟ್ಟು. ನೀನು ಬರೆದದ್ದನ್ನು ಹೊಡೆದುಹಾಕಿ ಇದನ್ನು ಬರೆದುಕೋ, ಬೇಕೆನಿಸಿದರೆ.

'ಗುಂಯಿಲು' ಕುರಿ ಕಾಯುವವರ ಮಾತಲ್ಲ, ಕಣಿವೆಯಲ್ಲಿ ಕೂಗಿದಾಗ ತಿರುಗಿ ಬರುವ ದನಿಯೂ ಅಲ್ಲ. ಕಾರ್ಖಾನೆಯ ಭೋಂಗಾ ಊದಿ ನಿಂತ ಮೇಲೆ ನಮ್ಮ ತಗಡಿನ ಚಪ್ಪರ ಒಂದು ಕ್ಷಣ ಗುಂಯ್ ಎನ್ನುತ್ತಿತ್ತು. ನೀನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅದನ್ನೇ ಕತೆಯೊಳಗಿನ ರಾಕ್ಷಸನ ಗುಹೆಗೆ ಹಾಕಿದೆ. 'ನೀರಮುನಿಸು', 'ಹೊತ್ತುಗಳ್ಳ', 'ಬೆನ್ನಬೆಳಕು' ಮೂರೂ ಹೀಗೇ ಕತೆಯ ಮಧ್ಯೆ ಆ ಕ್ಷಣಕ್ಕೆ ಬಾಯಿಗೆ ಬಂದವು. ಯಾವ ದಿನ, ಯಾವ ಕತೆ ಎಂದು ಕೇಳಿದರೆ ನೆನಪಿಲ್ಲ. ನೆನಪಿಲ್ಲದ್ದನ್ನು ಇನ್ನು ಮೇಲೆ ನೆನಪಿದೆ ಎನ್ನುವುದಿಲ್ಲ.

'ತಿರುಗಣ್ಣು' ಗಂಡನ ಮನೆಗೆ ಹೊರಟ ಮಗಳು ಅಗಸೆಯಲ್ಲಿ ತಿರುಗಿ ನೋಡುವ ಶಾಸ್ತ್ರವೆಂದು ಬರೆದಿದ್ದೀಯ. ಅಂಥ ಶಾಸ್ತ್ರ ಇಲ್ಲ. ನಿಮ್ಮಪ್ಪ ಎರಡನೆಯ ಶಿಫ್ಟಿಗೆ ಸೈಕಲ್ ಹತ್ತಿ ಹೋಗುವಾಗ ನೀರಿನ ಟ್ಯಾಂಕಿನ ತಿರುವಿನಲ್ಲಿ ಒಂದು ಕಾಲು ನೆಲಕ್ಕೂರಿ ನಿಮ್ಮ ಮನೆಯ ಕಡೆ ನೋಡಿಯೇ ಮುಂದೆ ಹೋಗುತ್ತಿದ್ದ. ನೀನು ಹೊಸ್ತಿಲಲ್ಲಿ ಇದ್ದರೂ ನೋಡುತ್ತಿದ್ದ, ಇಲ್ಲದಿದ್ದರೂ ನೋಡುತ್ತಿದ್ದ. ಒಂದು ದಿನ ಹಾಗೆ ನೋಡುತ್ತ ಡ್ರಿಲ್ ಮಾಸ್ತರರಿಗೆ ಸೈಕಲ್ ಗುದ್ದಿಸಿ ಬೈಸಿಕೊಂಡ. ಸಂಜೆಯ ಕತೆಯಲ್ಲಿ ರಾಜನಿಗೆ ಆ ಕಣ್ಣು ಕೊಟ್ಟೆ.

ಇನ್ನು ಎರಡು. ಇವು ಕತೆಯೊಳಗೆ ಹುಟ್ಟಿದವಲ್ಲ. ಇವುಗಳಿಗೆ ಶೇಂಗಾದ ಪಂದ್ಯವೂ ಇರಲಿಲ್ಲ.

ನಿಮ್ಮವ್ವ ಮೂರು ದಿನ ಆಸ್ಪತ್ರೆಯಲ್ಲಿದ್ದು ನಾಲ್ಕನೆಯ ಬೆಳಿಗ್ಗೆ ಹೋದಳು. ಮನೆ ತುಂಬ ಜನ. ನೀನು ಒಳಕೋಣೆಯಲ್ಲಿ ಅವಳ ಕೌದಿಯ ಮೇಲೆ ಕೂತಿದ್ದೆ, ಯಾರು ಕರೆದರೂ ಏಳಲಿಲ್ಲ. ನನ್ನನ್ನು ಕಳಿಸಿದರು. ನಾನು ಹತ್ತಿರ ಕೂತೆ. ನೀನು ಸ್ವಲ್ಪ ಸರಿದು, ಕೂತ ಜಾಗದ ಮೇಲೆ ಅಂಗೈ ಇಟ್ಟು, "ಅವ್ವ ಇಲ್ಲೇ ಅದಾಳ ಕಾಕಾ, ಬೆಚ್ಚಗದ. ಇದಕ್ಕ ಏನಂತಾರ?" ಅಂದೆ. ಎಲ್ಲದಕ್ಕೂ ಹೆಸರು ಕೇಳುವುದು ನಿನ್ನ ರೂಢಿ. ಅದು ನೀನೇ ಕೂತ ಬಿಸಿ, ಮಗಳೇ. ಅವಳು ಆ ಕೌದಿಯಿಂದ ಎದ್ದು ಮೂರು ದಿನವಾಗಿತ್ತು. ಅದನ್ನು ಹೇಳುವ ಗಂಡಸುತನ ನನ್ನಲ್ಲಿರಲಿಲ್ಲ. 'ಉಳಿಬಿಸಿ' ಅಂತಾರವ್ವ, ನಮ್ಮೂರಾಗ, ಅಂದೆ. ನೀನು ಒಂದು ಸಲ ಆ ಮಾತನ್ನು ಮೆಲ್ಲಗೆ ಹೇಳಿಕೊಂಡು, ಎದ್ದು ನನ್ನ ಜೊತೆ ಹೊರಗೆ ಬಂದೆ. ನಿನ್ನ ಯಾವ ಪದ್ಯವನ್ನು ಕೇಳಿ ಸಭೆಗಳು ಮೌನವಾಗುತ್ತವೆಯೋ ಆ ಪದ್ಯದ ಮಾತು ಇದು. ಬಾಣಂತಿಯರು ಎದ್ದ ಹಾಸಿಗೆಗೆ ಕೂಸನ್ನು ಸರಿಸುವ ರೂಢಿಯಿಂದ ಬಂದದ್ದೆಂದು ಪುಸ್ತಕದಲ್ಲಿದೆ. ಅದೂ ನಾನು ಹೇಳಿದ್ದೇ.

ಆಮೇಲಿನ ವರ್ಷ ನಿಮ್ಮಪ್ಪನ ಶಿಫ್ಟಿನ ಪ್ರಕಾರ ನೀನು ಒಂದೊಂದು ಮನೆಯಲ್ಲಿ ಉಣ್ಣುತ್ತಿದ್ದೆ. ನಮ್ಮಲ್ಲಿ ರೊಟ್ಟಿ, ನಾಯರರ ಮನೆಯಲ್ಲಿ ಅನ್ನ, ಜಾಧವ ಮಾವಶಿಯ ಮನೆಯಲ್ಲಿ ಪೋಹೆ. ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಯಾರೋ ಹೊಸಬಳು ನಿನ್ನನ್ನು ತೋರಿಸಿ ಬಿಚಾರಿ ಪೋರಕಿ ಅಂದಳಂತೆ. ನೀನು ನೇರ ನನ್ನ ಹತ್ತಿರ ಬಂದು ಪೋರಕಿಗೆ ಕನ್ನಡದಲ್ಲಿ ಏನಂತಾರೆ ಎಂದು ಕೇಳಿದೆ. ಕನ್ನಡದಲ್ಲಿ ಅದಕ್ಕೆ ತಬ್ಬಲಿ ಎನ್ನುತ್ತಾರೆ. ನನಗೆ ಗೊತ್ತಿತ್ತು. ಬಾಯಿಗೆ ಬರಲಿಲ್ಲ. "ನಮ್ಮೂರಾಗ ಹಂಗ ಅನ್ನೂದಿಲ್ಲವ್ವ, ಕೇರಿಗೂಸು ಅಂತಾರ" ಅಂದೆ. ನೀನು ಓಡಿಹೋಗಿ ನಲ್ಲಿಯ ಹತ್ತಿರ ಆ ಹೆಂಗಸಿಗೆ, ಮೀ ಪೋರಕಿ ನಾಹೀ, ಕೇರಿಗೂಸ ಆಹೆ, ಎಂದು ಹೇಳಿ ಬಂದೆ.

ಅವತ್ತು ತಬ್ಬಲಿ ಎಂದು ಹೇಳಬೇಕಿತ್ತೇ? ಈ ವಾರವೆಲ್ಲ ಇದನ್ನೇ ಕೇಳಿಕೊಂಡಿದ್ದೇನೆ. ಹೇಳಬೇಕಿತ್ತು ಎನ್ನಲು ನನಗೆ ಆಗುತ್ತಿಲ್ಲ. ನನ್ನ ತಪ್ಪೊಪ್ಪಿಗೆಯಲ್ಲಿ ಇದೊಂದು ತೂತು ಇದೆ, ನಿನಗೆ ತಿಳಿದಿರಲಿ.

ಇನ್ನೊಂದು ಸಂಗತಿ ಹೇಳದೆ ಬಿಟ್ಟರೆ ಮತ್ತೆ ಸುಳ್ಳಾಗುತ್ತದೆ. ಇವತ್ತು ಬೆಳಿಗ್ಗೆ ಊರಿಗೆ ತಂಗಿ ಯಲ್ಲವ್ವನಿಗೆ ಫೋನ್ ಮಾಡಿದೆ. ಹುಚ್ಚು ಆಸೆ, ಅಜ್ಜಿಯೇ ಎಂದೋ ಹೇಳಿದ್ದು ನನ್ನ ತಲೆಯಲ್ಲಿ ಕೂತಿತ್ತೇನೋ, ನಾನು ಮಾಡಿದೆ ಎಂದು ಸುಮ್ಮನೆ ಅಂದುಕೊಂಡಿದ್ದೇನೇನೋ ಎಂದು. ಕೇರಿಗೂಸು ಎನ್ನುವುದನ್ನು ಕೇಳಿದ್ದೀಯಾ ಅಂದೆ. "ಅಂತಾರಲ್ಲಣ್ಣಾ. ನಮ್ಮ ಓಣ್ಯಾಗ ಕಣ್ಣಿಲ್ಲದ ಮುದುಕಿ ಗೌರವ್ವ ಇಲ್ಲೇನು, ಆಕಿಗೆ ಎಲ್ಲಾರೂ ಹಂಗ ಅಂತಾರ. ಇವತ್ತ ಕೇರಿಗೂಸಿನ ಪಾಳಿ ನಮ್ಮನ್ಯಾಗ, ಹೋಳಗಿ ಮಾಡೇನಿ" ಅಂದಳು.

ಮಂಜೂ, ಹಾಗಾದರೆ ಆ ಪಂಡಿತರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಾರ್ತಾಂಡರು ನಮ್ಮ ಓಣಿಗೆ ಬಂದಿರಲೇ ಇಲ್ಲವಂತೆ, ಊರ ಮುಂದಿನ ಕಟ್ಟೆಯ ಮೇಲೆ ಕೂತು ಕೇಳಿ ಹೋದರಂತೆ. ಯಲ್ಲವ್ವನನ್ನು ಶನಿವಾರದ ಬಸ್ಸಿಗೆ ಕರೆಸಿ ಭಾನುವಾರ ಸಭೆಯಲ್ಲಿ ನಿಲ್ಲಿಸಿದರೆ ಮುಗಿಯಿತು, ಅವಳು ಹೇಳುವುದೆಲ್ಲ ನಿಜವೇ ಎಂದು ಲೆಕ್ಕ ಹಾಕಿದೆ. ಫೋನ್ ಇಡುವ ಮೊದಲು, ಎಂದಿನಿಂದ ಹಾಗೆ ಅನ್ನುತ್ತಾರೆ ಎಂದು ಕೇಳಿದೆ. ಆರೇಳು ವರ್ಷವಾಯಿತಂತೆ. ನಮ್ಮೂರ ಶಾಲೆಗೆ ಬಂದ ಹೊಸ ಅಕ್ಕೋರು ಒಂದು ಪದ್ಯಕ್ಕೆ ರಾಗ ಹಾಕಿ ಮಕ್ಕಳಿಂದ ಹಾಡಿಸಿದರಂತೆ, ಮಕ್ಕಳು ಅದನ್ನು ಓಣಿಗೆ ತಂದರಂತೆ. ಪುಣೇದ ಯಾರೋ ಬರೆದದ್ದಂತೆ. ಅದು ನಿನ್ನ ಪದ್ಯ.

ಆದರೂ ಅರ್ಧ ಗಂಟೆ ಆ ಯೋಚನೆ ಬಿಡಲಿಲ್ಲ. ಆರೇಳು ವರ್ಷ ಎನ್ನುವುದನ್ನು ಯಲ್ಲವ್ವ ಹೇಳದಿದ್ದರೆ ಸಾಕಲ್ಲ ಅಂದುಕೊಂಡು ನೀಲವ್ವನ ಮುಂದೆ ಬಾಯಿಬಿಟ್ಟೆ. ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಸುಳ್ಳ ಬೇಕಾದ್ರ ಸಾಯೂತನಕ ನೀವೊಬ್ಬರೇ ಹೇಳ್ರಿ. ಆ ಬಡವಿ ಬಾಯಾಗ ಯಾಕ ತುರುಕ್ತೀರಿ?" ಅಂದಳು. ಆಮೇಲೆಯೇ ಪೆನ್ನು ಹಿಡಿದದ್ದು.

ಹೀಗಾಗಿ, ಯಾರಾದರೂ ಆ ಊರಿನಲ್ಲಿ ಕೇರಿಗೂಸು ಇದೆಯಂತೆ ಎಂದು ನಿನಗೆ ಹೇಳಿದರೆ ಮೋಸ ಹೋಗಬೇಡ. ಅಲ್ಲಿಂದ ನಿನಗೆ ಬಂದದ್ದಲ್ಲ, ನಿನ್ನಿಂದ ಅಲ್ಲಿಗೆ ಹೋದದ್ದು. ಗೌರವ್ವನಿಗೆ ಹೋಳಿಗೆ ಸಿಗುತ್ತಿದೆ ಎನ್ನುವುದು ಬೇರೆ ಮಾತು. ಅದರಿಂದ ನನ್ನ ಸುಳ್ಳು ನಿಜವಾಗುವುದಿಲ್ಲ.

ಈಗ ನಾನು ಬೇಡುವುದು ಎರಡು. ಬೇಡುವ ಯೋಗ್ಯತೆ ಇಲ್ಲ ಎಂದು ಗೊತ್ತಿದ್ದೂ ಬೇಡುತ್ತಿದ್ದೇನೆ.

ಒಂದು, ಭಾನುವಾರ ಮಾರ್ತಾಂಡರು ಬಾಯಿ ತೆರೆಯುವ ಮೊದಲು ನೀನೇ ಹೇಳಿಬಿಡು. ನನ್ನ ಹೆಸರು ಹಿಡಿದು ಹೇಳು. ರೆಕಾರ್ಡು ಹಚ್ಚಿ ಕೇಳಿಸು. ಕವಿ ಸುಳ್ಳು ಬರೆಯಲಿಲ್ಲ, ಕೇಳಿದ್ದನ್ನು ಬರೆದಳು, ಹೇಳಿದವನು ಸುಳ್ಳ ಎಂದು ಈ ಕಾಗದವನ್ನೇ ಓದು. ಕೆಳಗೆ ಸಹಿ ಮಾಡಿದ್ದೇನೆ. ನೀನು ಕರೆದರೆ ನಾನೂ ವೇದಿಕೆಗೆ ಬಂದು ನಿಂತು ಇದನ್ನೇ ಹೇಳುತ್ತೇನೆ, ಒಂದು ಅಕ್ಷರ ಹೆಚ್ಚಿಲ್ಲದೆ. ನೀನು ಕರೆಯದಿದ್ದರೆ ನಾನಾಗಿ ಏಳುವುದಿಲ್ಲ. ನಿನ್ನ ಸಭೆಯನ್ನು ಕೆಡಿಸುವ ಅಧಿಕಾರ ನನಗಿಲ್ಲ. ಆದರೆ ಕರೆದು ಹೌದೇ ಎಂದು ಕೇಳಿದರೆ, ಇನ್ನು ನನ್ನಿಂದ ತಲೆಯಾಡಿಸಲು ಆಗುವುದಿಲ್ಲ.

ಎರಡನೆಯದು, ಪುಸ್ತಕ ಹಿಂದಕ್ಕೆ ತೆಗೆದುಕೊ, ಆದರೆ ಆ ಇನ್ನೊಂದು ಮಾತನ್ನು ನಡೆಸಬೇಡ. ಎಪ್ಪತ್ತೇಳು ಗಟ್ಟಿ ಕಾಳು ನಿನ್ನ ಹತ್ತಿರ ಇವೆ, ನಮ್ಮಜ್ಜಿಯವು, ಒಂದೊಂದನ್ನೂ ನಾನು ಮತ್ತೆ ಆರಿಸಿ ನೋಡಿದ್ದೇನೆ, ಪೆನ್ಸಿಲ್ಲಿನಿಂದ ಗುರುತು ಹಾಕಿ ನಿನ್ನ ಪುಸ್ತಕವನ್ನೂ ಇದರ ಜೊತೆ ಕಳಿಸಿದ್ದೇನೆ. ಅವನ್ನು ಮೂಸಿ ನೋಡುವವರು ನಮ್ಮ ಮನೆತನದಲ್ಲಿ ಈಗ ಯಾರೂ ಇಲ್ಲ. ನನ್ನ ಮೇಲಿನ ಸಿಟ್ಟಿಗೆ ಅವನ್ನು ಸುಡಬೇಡ. ಧಾರವಾಡದ ನಿಮ್ಮ ಅತ್ತೆಯವರು ಬಿಡಿಸಲಾರದ ಕನ್ನಡವನ್ನು ಈ ಕಾಕಾ ಬಿಡಿಸಿದ ಎಂದು ಆಗಬಾರದು. ಆರು ವರ್ಷದವಳು ಕನ್ನಡ ಬರುವುದಿಲ್ಲ ಎಂದ ಮುಖವನ್ನು ನಾನು ಒಂದು ಸಲ ನೋಡಿದ್ದೇನೆ. ಎರಡನೆಯ ಸಲ ನೋಡುವಷ್ಟು ಗಟ್ಟಿಯಿಲ್ಲ.

ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ಎದುರಿಗೆ ಕೂತಿರುವವಳು ನೀಲವ್ವ ಕಾಕು. ಅಂಚೆಗೆ ಹಾಕುತ್ತೇನೆ ಅಂದರೆ ಅವಳು ನಂಬಲಿಲ್ಲ, ಡಬ್ಬಿಯ ತನಕ ಹೋಗಿ ತಿರುಗಿ ಬರುತ್ತೀರಿ ಅಂದಳು. ಮೊಣಕಾ​ಲು ನೋವಿದ್ದರೂ ಎರಡು ಮಹಡಿ ಹತ್ತಿದ್ದಾಳೆ, ಮೊದಲು ಅವಳಿಗೆ ಒಂದು ಲೋಟ ನೀರು ಕೊಡು. ಅಳಿಯ ಋಷಿಕೇಶ ಹಿಂಜವಾಡಿಯ ಆಫೀಸಿನಿಂದ ಬರುವುದು ಏಳಕ್ಕೆ, ಅಷ್ಟರೊಳಗೆ ಮನೆಯಲ್ಲಿ ನೀವಿಬ್ಬರೇ. ನೀನು ಏನೇ ಅಂದರೂ ಅವಳು ಒಂದಕ್ಷರ ಬಿಡದೆ ನನಗೆ ತಂದು ಹೇಳುತ್ತಾಳೆ. ಅವಳಿಗೆ ಸೇರಿಸುವ ಚಟ ಇಲ್ಲ.

ನೀನು ಇದನ್ನು ಓದುವ ಹೊತ್ತಿಗೆ ನಾನು ಕೆಳಗಿದ್ದೇನೆ. ನಿಮ್ಮ ಗೇಟಿನ ಎದುರಿಗೆ, ಹಣ್ಣಿನ ಗಾಡಿಯ ಪಕ್ಕ ನಿಂತ ರಿಕ್ಷಾದೊಳಗೆ ಕೂತಿದ್ದೇನೆ. ಮೇಲೆ ಬರಲು ಕಾಲು ಏಳುತ್ತಿಲ್ಲ, ಮನೆಗೆ ಹೋಗಲೂ ಏಳುತ್ತಿಲ್ಲ. ಇನ್ನು ನನ್ನ ಮುಖ ನೋಡಬಾರದು ಎನಿಸಿದರೆ ಕಾಕುವಿನ ಹತ್ತಿರ ಹೇಳಿ ಕಳಿಸು, ಅದೂ ನ್ಯಾಯವೇ, ನಾನು ರಿಕ್ಷಾದವನಿಗೆ ಖಡಕಿಗೆ ನಡಿ ಎನ್ನುತ್ತೇನೆ. ಬೈಯಬೇಕು ಎನಿಸಿದರೆ ಕಿಟಕಿಗೆ ಬಾ. ಓಣಿಯ ಜನ ಕೇಳಲಿ, ಕ್ಲಾಸಿನ ಮಕ್ಕಳು ಕೇಳಲಿ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬೈ, ನಾನು ಅಲ್ಲಾಡುವುದಿಲ್ಲ. ಆದರೆ ಮಗಳೇ, ಕೈ ಮುಗಿಯುತ್ತೇನೆ, ಕನ್ನಡದಲ್ಲಿ ಬೈ.

ನಿನ್ನ ಬರೆಯುವ ಕೈಗೆ ನನ್ನ ಉಳಿದ ಆಯುಷ್ಯವೂ ಸೇರಲಿ.

ಗುರುವಾರ, ಮಧ್ಯಾಹ್ನ

ನಿನಗೆ ಏಳು ಸುಳ್ಳು ಹೇಳಿದ
ಸಂಕಪ್ಪ ಕಾಕಾ